ಎಂಡೋಸಲ್ಫಾನ್ ಕುಟುಂಬಗಳ ಮೇಲೆ ಎಂಎ ಪ್ರಬಂಧ: ಅಂಗವೈಕಲ್ಯ ಅಧ್ಯಯನದ ಚೌಕಟ್ಟು ಹೊಂದುತ್ತದೆಯೇ?

ಗುಡ್ಡೆಮನೆ_22

ನಮಸ್ಕಾರ. ಸಮಾಜಶಾಸ್ತ್ರ ಎಂಎ ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಆಸುಪಾಸಿನ, ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಕುಟುಂಬಗಳನ್ನು ಆರಿಸಿಕೊಂಡಿದ್ದೇನೆ. ಅಂಗವೈಕಲ್ಯ ಅಧ್ಯಯನದ ಸಾಮಾಜಿಕ ಮಾದರಿಯನ್ನು ಬಳಸುತ್ತೇನೆ ಅಂತ ಸಿನಾಪ್ಸಿಸ್‌ನಲ್ಲಿ ಬರೆದದ್ದಕ್ಕೆ, "ಇದು ಸ್ಪೆಷಲ್ ಬಿ.ಎಡ್.ನವರ ವಿಷಯ, ಇಲ್ಲಾ ಆರೋಗ್ಯ ಇಲಾಖೆಯದ್ದು. ಸಮಾಜಶಾಸ್ತ್ರ ಎಲ್ಲಿದೆ?" ಎಂಬ ಆಕ್ಷೇಪ ಬಂದಿದೆ. ನನ್ನ ಗೊಂದಲ ಬೇರೆ. ವೈಕಲ್ಯ ಹುಟ್ಟುವುದು ಸಮಾಜ ಒಡ್ಡುವ ಅಡ್ಡಿಗಳಿಂದ ಅನ್ನುತ್ತದೆ ಆ ಮಾದರಿ. ಇಲ್ಲಿ ವಿಷ ದೇಹದೊಳಕ್ಕೇ ಹೋಗಿದೆಯಲ್ಲ, ಆ ಮಾತು ಇಲ್ಲಿ ನಿಲ್ಲುತ್ತದೆಯೇ? ಪ್ರಶ್ನಾವಳಿ ಹೇಗಿರಬೇಕು, ಎಷ್ಟು ಮನೆ ಸಾಕು, ಅನುಮತಿ ಯಾರದ್ದು ಬೇಕು? ಕೈಯಲ್ಲಿ ನಾಲ್ಕು ತಿಂಗಳಿದೆ.

ಎರಡನೇ_ಸಾಲು

ವಿಭಾಗದ ಆಕ್ಷೇಪಕ್ಕೆ ಉತ್ತರ ಕಷ್ಟವೇನಲ್ಲ. ಈ ವ್ಯಕ್ತಿಗೆ ಯಾವ ತರಬೇತಿ, ಯಾವ ಸಲಕರಣೆ ಕೊಟ್ಟರೆ ಈಗಿರುವ ಶಾಲೆಗೆ, ಕೆಲಸಕ್ಕೆ ಹೊಂದಿಕೊಂಡಾರು ಅಂತ ವಿಶೇಷ ಶಿಕ್ಷಣ, ಪುನರ್ವಸತಿ ವಿಜ್ಞಾನಗಳು ಕೇಳುತ್ತವೆ. ಅಗತ್ಯವಾದ ಪ್ರಶ್ನೆಯೇ. ಆದರೆ ಆ ಶಾಲೆಯನ್ನು ಯಾರ ದೇಹವನ್ನು ಕಣ್ಣ ಮುಂದಿಟ್ಟುಕೊಂಡು ಕಟ್ಟಿದರು, ಉಳಿದವರು ಹೊರಗುಳಿದದ್ದರ ಖರ್ಚನ್ನು ಯಾರು ಹೊರುತ್ತಿದ್ದಾರೆ ಅಂತ ಅಂಗವೈಕಲ್ಯ ಅಧ್ಯಯನ ಕೇಳುತ್ತದೆ. ಜಾತಿ, ಲಿಂಗ, ವರ್ಗಗಳ ಬಗ್ಗೆ ನಿಮ್ಮ ವಿಭಾಗ ದಿನಾ ಕೇಳುವುದೂ ಇದನ್ನೇ.

ಈ ಶಾಸ್ತ್ರದ ಬೇರು ಚಳವಳಿಯಲ್ಲಿದೆ. ಇಂಗ್ಲೆಂಡಿನಲ್ಲಿ ಲೆ ಕೋರ್ಟ್ ಎಂಬ ಅಂಗವಿಕಲರ ವಸತಿಗೃಹದಲ್ಲಿ ವರ್ಷಗಟ್ಟಲೆ ಇದ್ದ ಪಾಲ್ ಹಂಟ್ 1972ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಬರೆದ ಪತ್ರದಿಂದ ಯೂಪಿಯಾಸ್ ಎಂಬ ಅಂಗವಿಕಲರ ಸಂಘಟನೆ ಹುಟ್ಟಿತು. ದೇಹದ ನ್ಯೂನತೆ ಬೇರೆ, ಅದರ ಮೇಲೆ ಸಮಾಜ ಹೇರುವ ವೈಕಲ್ಯ ಬೇರೆ ಎಂದು 1976ರಲ್ಲಿ ಗೆರೆ ಎಳೆದವರು ಅವರು. ಅದಕ್ಕೆ 'ಸಾಮಾಜಿಕ ಮಾದರಿ' ಎಂಬ ಹೆಸರನ್ನು ಬ್ರಿಟಿಷ್ ಸಮಾಜಶಾಸ್ತ್ರಜ್ಞ ಮೈಕ್ ಆಲಿವರ್ 1983ರಲ್ಲಿ ಕೊಟ್ಟರು. ಅತ್ತ ಅಮೆರಿಕದಲ್ಲಿ 1977ರ ಏಪ್ರಿಲ್‌ನಲ್ಲಿ ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕಟ್ಟಡದಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕೂತರು. ಅವರಿಗೆ ಊಟ ತಂದುಕೊಟ್ಟವರು ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. ಸಾಮಾಜಿಕ ನ್ಯಾಯಕ್ಕೂ ಇದಕ್ಕೂ ಏನು ನಂಟು ಎಂದು ವೈವಾದಲ್ಲಿ ಕೇಳಿದರೆ ಇದನ್ನೇ ಹೇಳಿ.

ಪ್ರಶ್ನಾವಳಿಗೆ ಆಲಿವರ್ 1990ರಲ್ಲಿ ತೋರಿಸಿದ ದಾರಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಬ್ರಿಟಿಷ್ ಸರ್ಕಾರಿ ಸಮೀಕ್ಷೆಯ ಪ್ರಶ್ನೆಗಳನ್ನು ತೆಗೆದುಕೊಂಡು ಒಂದೊಂದನ್ನೂ ಮಗುಚಿ ಹಾಕಿದರು. ಯಾವ ಕಾಯಿಲೆಯಿಂದ ವಸ್ತುಗಳನ್ನು ಹಿಡಿಯಲು, ತಿರುಗಿಸಲು ಆಗುತ್ತಿಲ್ಲ ಎಂಬ ಪ್ರಶ್ನೆ, ಡಬ್ಬಿ ಬಾಟಲಿಗಳ ವಿನ್ಯಾಸದ ಯಾವ ದೋಷದಿಂದ ಹಿಡಿಯಲು ಆಗುತ್ತಿಲ್ಲ ಎಂದಾಯಿತು. ನಿಮ್ಮ ಕರಡು ಪ್ರಶ್ನಾವಳಿಗೂ ಹೀಗೇ ಮಾಡಿ. "ಮಗು ಶಾಲೆಗೆ ಯಾಕೆ ಹೋಗುತ್ತಿಲ್ಲ?" ಅಂತ ಕೇಳಿದರೆ ಬರುವ ಉತ್ತರ "ಹುಷಾರಿಲ್ಲ" ಅಂತ, ಅಷ್ಟಕ್ಕೇ ಮಾತು ಮುಗಿಯುತ್ತದೆ. "ಶಾಲೆಗೆ ಸೇರಿಸಲು ಯಾವ ವರ್ಷ ಹೋದಿರಿ, ಅಲ್ಲಿ ಏನಂದರು, ಮನೆಯಿಂದ ಶಾಲೆವರೆಗೆ ಎಲ್ಲೆಲ್ಲಿ ಎತ್ತಿಕೊಳ್ಳಬೇಕಾಗುತ್ತದೆ, ಶೌಚಕ್ಕೆ ಕರೆದೊಯ್ಯುವವರು ಯಾರು?" ಎಂದು ಬಿಡಿಸಿ ಕೇಳಿದರೆ ಅಡ್ಡಿಗಳು ಒಂದೊಂದಾಗಿ ಹೊರಬರುತ್ತವೆ.

ಗೇರುಕಾಡು

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಅರ್ಧಕ್ಕೆ. ಬ್ರಿಟಿಷ್ ಮಾದರಿಗೆ ದೇಹದ ನ್ಯೂನತೆ ಎಂಬುದು ಚರ್ಚೆಗೆ ಮೊದಲೇ ಇರುವ ಸಂಗತಿ, ಅದು ಎಲ್ಲಿಂದ ಬಂತು ಎಂದು ಹೆಚ್ಚು ಕೇಳುವುದಿಲ್ಲ. ನಿಮ್ಮ ಊರಲ್ಲಿ ಹಾಗೆ ಬಿಟ್ಟರೆ ಅನ್ಯಾಯದ ಅರ್ಧ ಭಾಗ ಕಾಣೆಯಾಗುತ್ತದೆ. ಕೇರಳದ ಪ್ಲಾಂಟೇಷನ್ ನಿಗಮ ಕಾಸರಗೋಡಿನಲ್ಲಿ, ಕರ್ನಾಟಕ ಗೇರು ಅಭಿವೃದ್ಧಿ ನಿಗಮ ದಕ್ಷಿಣ ಕನ್ನಡದಲ್ಲಿ, ಸರ್ಕಾರಿ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷ ಇದು. 2000ದವರೆಗೂ ನಡೆಯಿತು. ಕೆಳಗೆ ಬಾವಿ, ಕೆರೆ, ಮನೆಯಂಗಳ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಕನ್ನಡದ ಪತ್ರಕರ್ತ ಶ್ರೀ ಪಡ್ರೆ, ವೈದ್ಯ ವೈ. ಎಸ್. ಮೋಹನ್ ಕುಮಾರ್ ಇವರು ದನಿ ಎತ್ತಿ ಎಷ್ಟೋ ಕಾಲವಾದ ಮೇಲೆ, 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳಕ್ಕೆ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ.

ನ್ಯೂನತೆಯನ್ನೇ ಯುದ್ಧ, ಗಣಿ, ಕಾರ್ಖಾನೆ, ಕೀಟನಾಶಕಗಳು ಹುಟ್ಟಿಸುತ್ತಿರುವಾಗ ಅದನ್ನು ರಾಜಕೀಯದ ಹೊರಗಿಡಲಾಗದು ಎಂದು ವಾದಿಸಿದವರು ಹೆಲೆನ್ ಮೀಕೋಶ, ನಿರ್ಮಲಾ ಎರೆವೆಲ್ಲೆಸ್. ಭಾರತದ ಹೆಣ್ಣುಮಕ್ಕಳ ಅನುಭವ ಇಟ್ಟುಕೊಂಡು ಬರೆದ ಅನಿತಾ ಘಾಯ್ ಅವರನ್ನೂ ಓದಿ. ನೋವನ್ನು ಮರೆತ ಮಾದರಿ ಸಾಲದು ಎಂದ ಲಿಜ್ ಕ್ರೋ, ಜೆನ್ನಿ ಮಾರಿಸ್ ಇಬ್ಬರೂ ಅದೇ ಬ್ರಿಟಿಷ್ ಚಳವಳಿಯವರು. ಫಿಟ್ಸ್, ಮೈಕೈ ಸೆಟೆತ ಇರುವ ಮನೆಗಳಲ್ಲಿ ಇವರು ಬಹಳ ಬೇಕಾಗುತ್ತಾರೆ.

ಇಲ್ಲೊಂದು ಇಕ್ಕಟ್ಟಿದೆ, ನನ್ನ ಲೆಕ್ಕದಲ್ಲಿ ನಿಮ್ಮ ಪ್ರಬಂಧದ ಜೀವ ಅದೇ. ವಿಷದ ವಿರುದ್ಧ ಹೋರಾಟ ಗೆದ್ದದ್ದು ಬಹುಪಾಲು ಮಕ್ಕಳ ಫೋಟೊಗಳಿಂದ. "ನೋಡಿ, ಹೀಗಾಗಿದೆ" ಎನ್ನುವ ಆ ಚಿತ್ರಗಳು ನಿಗಮದ ಮೇಲೆ ಸಾಕ್ಷ್ಯ ಹೌದು. ಅದೇ ಹೊತ್ತಿಗೆ, ಚಿತ್ರದಲ್ಲಿರುವವರ ಬದುಕು ಬದುಕೇ ಅಲ್ಲ ಎಂಬ ಮಾತನ್ನೂ ಅವು ಊರೂರಿಗೆ ಸಾರಿದವು. ಹಾನಿಗೆ ಹೊಣೆಗಾರರನ್ನು ಹಿಡಿಯಬೇಕು, ಹಾನಿಯ ಗುರುತು ಹೊತ್ತವರನ್ನು ಬರೀ ಸಾಕ್ಷ್ಯವಾಗಿ ನೋಡಬಾರದು. ಎರಡನ್ನೂ ಒಟ್ಟಿಗೆ ಹಿಡಿದು ಬರೆದರೆ ಆಕ್ಷೇಪ ಎತ್ತಿದವರಿಗೂ ಉತ್ತರ ಸಿಕ್ಕೀತು. ಹಾಗೇ ಯಾವ ಕಾಯಿಲೆ ಎಂಡೋಸಲ್ಫಾನಿನಿಂದಲೇ ಬಂತು ಎಂದು ಸಾಬೀತು ಮಾಡಲು ಹೊರಡಬೇಡಿ. ಅದು ಎಪಿಡೆಮಿಯಾಲಜಿಯ, ಅಂದರೆ ಜನರಲ್ಲಿ ಕಾಯಿಲೆಯ ಕಾರಣ ಹುಡುಕುವ ಶಾಸ್ತ್ರದ ಕೆಲಸ, ನಾಲ್ಕು ತಿಂಗಳಲ್ಲಿ ಇಪ್ಪತ್ತು ಮನೆ ನೋಡಿ ಆಗುವಂಥದ್ದಲ್ಲ. ಸರ್ಕಾರದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಹೇಗೆ ಸೇರಿತು, ಹೇಗೆ ಬಿಟ್ಟುಹೋಯಿತು ಎಂಬುದು ಮಾತ್ರ ನಿಮ್ಮದೇ ಕ್ಷೇತ್ರ.

ಕಲಂ_ಆರು

ಅನುಮತಿಯ ವಿಷಯ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಕಲಂ 6(2) ತೆರೆಯಿರಿ. ಅಂಗವಿಕಲ ವ್ಯಕ್ತಿಯನ್ನು ಯಾವುದೇ ಸಂಶೋಧನೆಗೆ ಒಳಪಡಿಸಲು ಎರಡು ಬೇಕು. ಒಂದು, ಅವರಿಗೆ ತಿಳಿಯುವ ರೂಪದಲ್ಲಿ ವಿವರಿಸಿ ಪಡೆದ ಮುಕ್ತ ಸಮ್ಮತಿ. ಎರಡು, ಸರ್ಕಾರ ರಚಿಸಿದ ಅಂಗವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿ. ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸ್ವತಃ ಅಂಗವಿಕಲರು, ಇಲ್ಲವೇ ಅವರ ನೋಂದಾಯಿತ ಸಂಘಟನೆಯವರು ಇರಬೇಕು. ಔಷಧ ಪ್ರಯೋಗಕ್ಕೆ ಮಾತ್ರ ಎಂದು ಕಾಯ್ದೆ ಹೇಳಿಲ್ಲ, "ಯಾವುದೇ ಸಂಶೋಧನೆ" ಎಂದಿದೆ. ವಿಶ್ವವಿದ್ಯಾಲಯದ ಎಥಿಕ್ಸ್ ಸಮಿತಿ ಮುದ್ರೆ ಒತ್ತಿತೆಂದು ಹೊರಡಬೇಡಿ. ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರ ಕಚೇರಿಗೆ ಮೊದಲ ವಾರದಲ್ಲೇ ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ಬರೆದು, ಸ್ವೀಕೃತಿ ಪಡೆದು, ಪ್ರತಿಯನ್ನು ಅನುಬಂಧಕ್ಕೆ ಸೇರಿಸಿ. ಉತ್ತರ ಬರುವವರೆಗೆ ಓದು, ಕಾನೂನು, ಹಳೆಯ ಪತ್ರಿಕೆಗಳ ಅಧ್ಯಾಯ ಮುಗಿಸಿಕೊಳ್ಳಿ.

ಎರಡನೆಯ ಗುಂಡಿ: 18 ದಾಟಿದ ಮಗ ಅಥವಾ ಮಗಳಿಗೆ ಬೌದ್ಧಿಕ ವೈಕಲ್ಯವಿದ್ದರೂ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗುವುದಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಅವರನ್ನು ನೇಮಿಸಿರಬೇಕು. ಆ ಆದೇಶ ಇದೆಯೇ ಎಂದು ಕೇಳಿ. ಇದ್ದರೂ ವ್ಯಕ್ತಿಯ ಒಪ್ಪಿಗೆ ಬೇರೆಯಾಗಿಯೇ ಬೇಕು. ಮುಖ ತಿರುಗಿಸಿದರು, ಕೈ ತಳ್ಳಿದರು, ಎದ್ದು ಒಳಗೆ ಹೋದರು ಎಂದರೆ ಅದು 'ಇಲ್ಲ' ಎಂದೇ ಅರ್ಥ, ಅಲ್ಲಿಗೆ ನಿಲ್ಲಿಸಿ.

ಚೌಕಟ್ಟಿನ ಅಧ್ಯಾಯಕ್ಕೂ ಇದೇ ಕಾಯ್ದೆಯಲ್ಲಿ ಸರಕಿದೆ. ಕಲಂ 2(ಎಸ್) ಪ್ರಕಾರ ವೈಕಲ್ಯವೆಂದರೆ ದೀರ್ಘಕಾಲದ ನ್ಯೂನತೆ ಅಡ್ಡಿಗಳಿಗೆ ಎದುರಾದಾಗ ಸಮಾನ ಭಾಗವಹಿಸುವಿಕೆಗೆ ಬರುವ ತಡೆ. 2006ರ ವಿಶ್ವಸಂಸ್ಥೆ ಒಡಂಬಡಿಕೆಯಿಂದ ಬಂದ ಭಾಷೆ ಅದು. ಆದರೆ ಮೀಸಲಾತಿಯಂಥ ಸೌಲಭ್ಯಕ್ಕೆ ಕೈ ಚಾಚಿದ ಕೂಡಲೇ ಕಲಂ 2(ಆರ್) ಎದುರಾಗುತ್ತದೆ: ವೈದ್ಯಕೀಯ ಪ್ರಾಧಿಕಾರ ಕನಿಷ್ಠ ಶೇ 40 ಎಂದು ಬರೆದುಕೊಡಬೇಕು. ಪ್ರಮಾಣಪತ್ರ ಕೊಡುವವರು ಅಡ್ಡಿಗಳನ್ನು ಅಳೆಯುವುದಿಲ್ಲ, ಕೀಲು, ಕಣ್ಣು, ಐಕ್ಯೂ ಅಳೆಯುತ್ತಾರೆ. ಎಂಡೋಸಲ್ಫಾನ್ ಮಾಸಾಶನದ ಹಂತಗಳೂ ಶೇಕಡಾ ಲೆಕ್ಕದ ಮೇಲೇ ನಿಂತಿವೆ. ಒಂದೇ ಮನೆಯ ಇಬ್ಬರಿಗೆ ಬೇರೆ ಬೇರೆ ಶೇಕಡಾ ಬಂದು, ಆರೈಕೆಯ ಹೊರೆ ಮಾತ್ರ ಒಂದೇ ಆಗಿದ್ದರೆ ಆ ವ್ಯತ್ಯಾಸವನ್ನು ಬರೆದಿಡಿ.

ಅಳತೆಪಟ್ಟಿ

ಕ್ಷೇತ್ರಕಾರ್ಯದ ಲೆಕ್ಕ ಹೇಳುತ್ತೇನೆ. 200 ಫಾರಂ ತುಂಬಿಸುವ ಆಸೆ ಬಿಡಿ. 20ರಿಂದ 25 ಮನೆ, ಪ್ರತಿ ಮನೆಗೆ ಎರಡು ಭೇಟಿ. ಅದರಲ್ಲಿ ಐದಾರು ಮನೆಯಾದರೂ ಅಧಿಕೃತ ಪಟ್ಟಿಗೆ ಸೇರದವರದ್ದಿರಲಿ, ಇಲ್ಲದಿದ್ದರೆ ಇಲಾಖೆ ಯಾರನ್ನು ಒಪ್ಪಿತೋ ಅವರನ್ನಷ್ಟೇ ಓದಿದಂತಾಗುತ್ತದೆ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಮನೆ ತೋರಿಸಲಿ, ಸಂದರ್ಶನದ ಹೊತ್ತಿಗೆ ಎದುರು ಕೂರುವುದು ಬೇಡ. ಮಾಸಾಶನದ ಅರ್ಜಿ ಅವರ ಮೂಲಕವೇ ಹೋಗುವುದರಿಂದ ಯಾರೂ ದೂರು ಬಾಯಿಬಿಡುವುದಿಲ್ಲ. ಎಲ್ಲ "ತೊಂದರೆ ಇಲ್ಲ" ಎಂಬ ಉತ್ತರಗಳೇ ಬಂದರೆ ಕಾರಣ ಇದೇ ಇರಬಹುದು.

ಆರಂಭಕ್ಕೆ, ಅಂಗವೈಕಲ್ಯದ ಅಂಕಿಅಂಶಕ್ಕಾಗಿ ಇರುವ ಅಂತರರಾಷ್ಟ್ರೀಯ ತಂಡ ವಾಷಿಂಗ್ಟನ್ ಗ್ರೂಪಿನ ಆರು ಪ್ರಶ್ನೆ ಹಾಕಿ: ನೋಟ, ಶ್ರವಣ, ನಡಿಗೆ, ನೆನಪು ಮತ್ತು ಗಮನ, ಸ್ವಂತ ಆರೈಕೆ, ಸಂವಹನ. ಉತ್ತರ ನಾಲ್ಕು ಹಂತದ್ದು: ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬ ಕಷ್ಟ, ಆಗುವುದೇ ಇಲ್ಲ. ಒಂದರಲ್ಲಾದರೂ 'ತುಂಬ ಕಷ್ಟ' ಅಥವಾ 'ಆಗುವುದೇ ಇಲ್ಲ' ಬಂದರೆ ಎಣಿಕೆಗೆ ಸೇರುತ್ತಾರೆ. ಕೇಳುವಾಗ ಅಂಗವಿಕಲ ಎಂಬ ಮಾತೇ ಬಾಯಿಗೆ ಬರಬಾರದು, ಅದು ಕಿವಿಗೆ ಬಿದ್ದೊಡನೆ ಜನ ಪ್ರಮಾಣಪತ್ರ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರಿಸಲು ಶುರು ಮಾಡುತ್ತಾರೆ. ಮಕ್ಕಳಿಗೆ ಯುನಿಸೆಫ್ ಜೊತೆ ಸೇರಿ ಮಾಡಿದ ಬೇರೆ ಪ್ರಶ್ನಾಗುಚ್ಛವಿದೆ, 2ರಿಂದ 17 ವರ್ಷದವರಿಗೆ. ಮನೆಮಾತು ತುಳು, ಬ್ಯಾರಿ ಅಥವಾ ಮಲಯಾಳ ಆಗಿದ್ದರೆ ಸ್ಥಳದಲ್ಲೇ ಬಾಯಿಗೆ ಬಂದಂತೆ ಅನುವಾದಿಸಬೇಡಿ, 'ಸ್ವಲ್ಪ'ಕ್ಕೂ 'ತುಂಬ'ಕ್ಕೂ ನಡುವಿನ ಅಂತರ ಮನೆಯಿಂದ ಮನೆಗೆ ಬದಲಾಗುತ್ತದೆ. ಮೊದಲೇ ಬರೆದುಕೊಂಡು ಮೂರ್ನಾಲ್ಕು ಮಂದಿಯ ಮೇಲೆ ಪರೀಕ್ಷಿಸಿ. ತಾಯಿ ಮಗನ ಪರವಾಗಿ ಉತ್ತರಿಸಿದರೆ ಪಕ್ಕದಲ್ಲಿ 'ಪರ' ಎಂದು ಗುರುತು ಹಾಕಿ.

ಆಮೇಲೆ ಟೇಪು ಹಿಡಿಯಿರಿ. ಅಲ್ಲಿನ ಮನೆಗಳು ಗುಡ್ಡದ ಓರೆಯಲ್ಲಿರುತ್ತವೆ, ಕೊಟ್ಟ ಗಾಲಿಕುರ್ಚಿ ಜಗಲಿಯಲ್ಲೇ ಉಳಿದಿದ್ದರೆ ಕಾರಣ ಕುರ್ಚಿಯಲ್ಲಿರುವುದಿಲ್ಲ. ರ್‍ಯಾಂಪಿನ ಇಳಿಜಾರು 1:12 ಮೀರಬಾರದು. ಅಂದರೆ 45 ಸೆಂ.ಮೀ. ಎತ್ತರದ ಜಗಲಿಗೆ 5.4 ಮೀಟರ್ ಉದ್ದ ಬೇಕು. ಒಂದೂವರೆ ಮೀಟರಿನಲ್ಲಿ ಮುಗಿಸಿದ್ದರೆ ಇಳಿಜಾರು ಸುಮಾರು 1:3 ಆಯಿತು, ತಳ್ಳುವವರಿಗೂ ಅಪಾಯ. ಬಾಗಿಲ ತೆರಪು 900 ಮಿ.ಮೀ. ಇದೆಯೇ, ಶೌಚಾಲಯದೊಳಗೆ ಕುರ್ಚಿ ತಿರುಗಿಸಲು 1500 ಮಿ.ಮೀ. ವ್ಯಾಸದ ಜಾಗವಿದೆಯೇ, ಬಸ್ಸು ನಿಲ್ಲುವ ಜಾಗದವರೆಗೆ ಎಷ್ಟು ಮೆಟ್ಟಿಲು, ಎಷ್ಟು ಮೀಟರ್ ಮಣ್ಣುದಾರಿ. ಪಂಚಾಯಿತಿ ಕಚೇರಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದನ್ನೇ ಅಳೆಯಿರಿ.

ಆರೈಕೆಯನ್ನು "ಎಷ್ಟು ಗಂಟೆ?" ಎಂದು ಕೇಳಿದರೆ "ಇಡೀ ದಿನ" ಎಂಬ ಉತ್ತರ ಬರುತ್ತದೆ, ಸುಳ್ಳೂ ಅಲ್ಲ, ಲೆಕ್ಕಕ್ಕೂ ಸಿಗದು. ಆ ಕಡೆ ಅನೇಕ ಹೆಂಗಸರು ಬೀಡಿ ಕಟ್ಟುತ್ತಾರೆ. ಮಗು ಹುಟ್ಟುವ ಮುಂಚೆ ವಾರಕ್ಕೆ ಎಷ್ಟು ಸಾವಿರ ಬೀಡಿ, ಈಗ ಎಷ್ಟು ಎಂದು ಕೇಳಿ. ಬೀಡಿ ಪಾಸ್‌ಬುಕ್ಕಿನಲ್ಲಿ ದಾಖಲೆಯೂ ಇರಬಹುದು. ಕಡಿಮೆಯಾದ ಸಾವಿರಗಳನ್ನು ಇವತ್ತಿನ ಮಜೂರಿಗೆ ಗುಣಿಸಿ ಮಾಸಾಶನದ ಪಕ್ಕ ಇಟ್ಟರೆ ಆ ಕೋಷ್ಟಕಕ್ಕೆ ಬೇರೆ ವಿವರಣೆ ಬೇಕಾಗದು.

ಗುಡ್ಡೆಮನೆ_22

ಎಲ್ಲರಿಗೂ ಧನ್ಯವಾದ, ಕಲಂ 6(2) ಗೊತ್ತೇ ಇರಲಿಲ್ಲ. ಇನ್ನೆರಡು ಸಂಶಯ. ಪೀಠಿಕೆಯಲ್ಲಿ 2011ರ ಜನಗಣತಿಯ ಶೇ 2.21 ಬಳಸಬಹುದೇ? ಫೋಟೊ ಹಾಕದಿದ್ದರೆ ಪ್ರಬಂಧ ಸಪ್ಪೆಯಾಗುತ್ತದೆ ಅನ್ನುತ್ತಾರೆ, ಏನು ಮಾಡಲಿ?

ಗೇರುಕಾಡು

ಬಳಸಿ, ಆದರೆ ಒಂಟಿಯಾಗಿ ಬಿಡಬೇಡಿ. ಆ ಗಣತಿ ದೇಶದಲ್ಲಿ 2.68 ಕೋಟಿ ಮಂದಿಯನ್ನು ಎಣಿಸಿತು. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಮಟ್ಟದಲ್ಲಿ ಹೇಳುವ ಅಂದಾಜು ಸುಮಾರು ಶೇ 16. ಗಣತಿದಾರರು ಕೇಳಿದ್ದು ವೈಕಲ್ಯದ ಹೆಸರು ಹಿಡಿದು, ಇನ್ನೊಂದು ಅಂದಾಜಿನ ವ್ಯಾಖ್ಯೆ ಬಹಳ ಅಗಲ. ಪ್ರಶ್ನೆ ಬದಲಾದರೆ ಸಂಖ್ಯೆ ಹೇಗೆ ಬದಲಾಗುತ್ತದೆ ಎಂದು ಒಂದು ಪ್ಯಾರಾ ಬರೆಯಿರಿ, ನಿಮ್ಮ ಆರು ಪ್ರಶ್ನೆಗೆ ಅದೇ ಸಮರ್ಥನೆ.

ಫೋಟೊ: ಮೆಟ್ಟಿಲು, ದಾರಿ, ಬಾಗಿಲು, ಬಸ್ಸಿನ ಪಾವಟಿಗೆಗಳನ್ನು ತೆಗೆಯಿರಿ, ಚೌಕಟ್ಟಿನೊಳಗೆ ಟೇಪು ಕಾಣಲಿ. ಮುಖ ಬೇಡ. ವ್ಯಕ್ತಿಯೇ ತನ್ನ ಚಿತ್ರ ಇರಲಿ ಅಂದರೆ ಅದು ಅವರ ಆಯ್ಕೆ, ಯಾವ ಚಿತ್ರ ಎಂಬುದನ್ನೂ ಅವರೇ ಆರಿಸಲಿ. ಹೆಸರು ಬದಲಿಸಿದರೆ ಸಾಲದು. ಇಂಥ ಗ್ರಾಮ, ಅಣ್ಣ-ತಂಗಿ ಇಬ್ಬರೂ ಬಾಧಿತರು, ತಂದೆ ಮೂರ್ತೆ (ಕಳ್ಳು ಇಳಿಸುವ) ಕೆಲಸದವರು ಎಂದು ಬರೆದರೆ ತಾಲ್ಲೂಕಿಗೇ ಗುರುತು ಸಿಗುತ್ತದೆ. ಗ್ರಾಮದ ಹೆಸರನ್ನು ಪೀಠಿಕೆಯಲ್ಲಿ ಮಾತ್ರ ಇಟ್ಟು, ಪ್ರಕರಣಗಳ ಕೋಷ್ಟಕದಲ್ಲಿ ತಾಲ್ಲೂಕು ಎಂದಷ್ಟೇ ಬರೆಯಿರಿ. ವಯಸ್ಸನ್ನು ಐದೈದು ವರ್ಷದ ಗುಂಪಿನಲ್ಲಿ ಹಾಕಿ.