ಪಟ್ಟಣದ ಹಳೇ ಸೇತುವೆ ವೆಸ್ಲಿನಾ, ವೆಲ್ಲೆಸ್ಲಿನಾ?

ಪಟ್ಟಣದವ: ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿರೋ ಹಳೇ ಕಲ್ಲಿನ ಸೇತುವೆ ಇದ್ಯಲ್ಲ, ನಮ್ಮನೇಲಿ ಎಲ್ರೂ ವೆಸ್ಲಿ ಸೇತುವೆ ಅಂತಾರೆ, ಕೆಲವ್ರು ವೆಲ್ಲೆಸ್ಲಿ ಅಂತ ಬರೀತಾರೆ, ಒಬ್ರು ವೆಲ್ಲಿಂಗ್ಟನ್ ಹೆಸರು ಅದು ಅಂದ್ರು. ಯಾವ್ದು ಸರಿ? ಮೈಸೂರಿನ ವೆಸ್ಲಿಯನ್ ಮಿಷನ್‌ಗೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಹಳೇನಕ್ಷೆ: ಮಿಷನ್‌ಗೂ ಇದಕ್ಕೂ ಸಂಬಂಧ ಇಲ್ಲ, ಮಿಷನ್ ಹೆಸರು ಬಂದಿದ್ದು ಜಾನ್ ವೆಸ್ಲಿ ಅನ್ನೋ ಧರ್ಮಬೋಧಕನಿಂದ. ಸೇತುವೆ ಆಗಿದ್ದು 1804ರಲ್ಲಿ, ಕಟ್ಟಿಸಿದ್ದು ದಿವಾನ್ ಪೂರ್ಣಯ್ಯನವರು, ಹೆಸರಿಟ್ಟಿದ್ದು ಆಗಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿದು, ಅಂದ್ರೆ ರಿಚರ್ಡ್. ವೆಲ್ಲಿಂಗ್ಟನ್ ಅಂದ್ರೆ ಅವನ ತಮ್ಮ ಆರ್ಥರ್, 1799ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ಪಟ್ಟಣದ ಉಸ್ತುವಾರಿ ನೋಡ್ಕೊಂಡಿದ್ದು ಈ ತಮ್ಮನೇ ಆದ್ರಿಂದ ಜನ ಇಬ್ರನ್ನೂ ಸೇರಿಸಿಬಿಡ್ತಾರೆ, ಆದ್ರೆ ಅವನು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿದ್ದು 1814ರಲ್ಲಿ, ಸೇತುವೆ ಆಗಿ ಹತ್ತು ವರ್ಷಕ್ಕೆ.

ಪಟ್ಟಣದವ: ಹಾಗಾದ್ರೆ ವೆಸ್ಲಿ ಅನ್ನೋದು ತಪ್ಪಾ ಸರ್?

ಹಳೇನಕ್ಷೆ: ತಪ್ಪು ಅಂತ ಹೇಳಕ್ಕಾಗಲ್ಲ. ಆ ಮನೆತನದ ಹೆಸರೇ ಮೊದ್ಲು ವೆಸ್ಲಿ ಅಂತ ಇತ್ತು. ಅಣ್ಣ ಮೊದ್ಲೇ ಬದಲಾಯಿಸ್ಕೊಂಡ, ತಮ್ಮ 1798ರವರೆಗೂ ವೆಸ್ಲಿ ಅಂತಾನೇ ಸಹಿ ಹಾಕ್ತಿದ್ದ, ಆಮೇಲೆ ವೆಲ್ಲೆಸ್ಲಿ ಅಂತ ಬರೆಯೋಕೆ ಶುರು ಮಾಡಿದ. ಆದ್ರೆ ನಮ್ಮೋರ ವೆಸ್ಲಿ ಅಲ್ಲಿಂದ ಬಂದಿದ್ದು ಅಂತ ನಂಗನಿಸಲ್ಲ, ಸೇತುವೆಗೆ ಹೆಸರಿಡೋ ಹೊತ್ತಿಗೆ ಹೊಸ ಹೆಸರೇ ನಡೀತಿತ್ತು. ವೆಲ್ಲೆಸ್ಲಿ ಅಂತ ದಿನಾ ಹೇಳೋಕೆ ನಾಲಿಗೆ ತಿರುಗಲ್ಲ, ಮಧ್ಯದ ಅಕ್ಷರ ಬಿದ್ದುಹೋಗಿದೆ ಅಷ್ಟೆ. ಇಂಗ್ಲಿಷ್ ದಾಖಲೆ ಹುಡುಕೋದಾದ್ರೆ ಊರಿನ ಹೆಸರನ್ನ ಸೆರಿಂಗಪಟಂ ಅಂತ ಹಾಕಿ, ಹಳೇ ಬರಹದಲ್ಲಿ ಹಾಗೇ ಇರೋದು.

ಕೊಳ್ಳೇಗಾಲ_ಕಡೆ: ಒಂದು ವಿಷ್ಯ ಹುಷಾರು. ನಮ್ ಕಡೆ ಶಿವನಸಮುದ್ರದ ಹತ್ರಾನೂ ವೆಸ್ಲಿ ಸೇತುವೆ ಅಂತ ಒಂದಿದೆ, 2018ರ ಪ್ರವಾಹದಲ್ಲಿ ಒಂದಷ್ಟು ಭಾಗ ಕೊಚ್ಕೊಂಡು ಹೋಗಿದ್ದು ಅದು. ಆ ಫೋಟೋ ಹಾಕಿ ಪಟ್ಟಣದ ಸೇತುವೆ ಬಿದ್ದೋಯ್ತು ಅಂತ ದಯವಿಟ್ಟು ಬರೀಬೇಡಿ.

ಪಟ್ಟಣದವ: ಎಲ್ರಿಗೂ ಥ್ಯಾಂಕ್ಸ್. ಅಣ್ಣ ತಮ್ಮ ಯಾರ ಹೆಸರಾದ್ರೂ ಇರ್ಲಿ, ಕಟ್ಟಿಸಿದ ಪೂರ್ಣಯ್ಯನವರ ಹೆಸರನ್ನ ಊರಲ್ಲಿ ಯಾರೂ ಹೇಳಲ್ವಲ್ಲ, ಅದು ತುಂಬಾ ಬೇಜಾರು. ನಾನಂತೂ ಇನ್ಮೇಲೆ ಈ ಸೇತುವೆ ಬಗ್ಗೆ ಬರೆದಾಗೆಲ್ಲ ಅವರ ಹೆಸರು ಮೊದ್ಲು ಹಾಕ್ತೀನಿ.