'ಸ್ಪೈಟ್ ಮ್ಯಾರೇಜ್': ಈ 'ಸ್ಪೈಟ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹಾಲಿವುಡ್‌ನ ಹಾಸ್ಯನಟ ಬಸ್ಟರ್ ಕೀಟನ್‌ನ 1929ರ ಚಿತ್ರ 'ಸ್ಪೈಟ್ ಮ್ಯಾರೇಜ್' ಬಗ್ಗೆ ಒಂದು ಪುಟ್ಟ ಬರಹ ಬರೆಯಲು ಕೂತೆ. ಅವನ ಕೊನೆಯ ಮೂಕಿಚಿತ್ರ ಅದು. ಆದರೆ ಹೆಸರಿನಲ್ಲೇ ಸಿಕ್ಕಿಬಿದ್ದಿದ್ದೇನೆ.

ಕತೆ ಇಷ್ಟು. ಎಲ್ಮರ್ (ಕೀಟನ್‌ನದೇ ಪಾತ್ರ) ಒಂದು ಡ್ರೈಕ್ಲೀನಿಂಗ್ ಅಂಗಡಿಯ ಆಳು. ಗಿರಾಕಿಗಳು ಇಸ್ತ್ರಿಗೆ ಕೊಟ್ಟ ದುಬಾರಿ ಸೂಟು ತೊಟ್ಟು ನಾಟಕಕ್ಕೆ ಹೋಗುತ್ತಾನೆ. ನಟಿ ಟ್ರಿಲ್ಬಿ ಡ್ರೂ ಅಂದರೆ ಅವನಿಗೆ ಪ್ರಾಣ. ಅವಳಿಗೋ ಜೊತೆನಟನ ಮೇಲೆ ಮನಸ್ಸು. ಆ ಜೊತೆನಟ ಬೇರೊಬ್ಬಳ ಕೈ ಹಿಡಿಯಲು ಹೊರಟಾಗ ಟ್ರಿಲ್ಬಿ ಕೆರಳಿ, ಎದುರಿಗೆ ಸಿಕ್ಕ ಎಲ್ಮರನನ್ನೇ ಮದುವೆಯಾಗಿಬಿಡುತ್ತಾಳೆ. ಸೂಟು ನೋಡಿ ದೊಡ್ಡ ಕುಳ ಅಂದುಕೊಂಡಿದ್ದಳು, ಪಾಪ. ಸೂಟಿನ ಜೊತೆಗೆ ಅಂತಸ್ತೂ ಎರವಲು!

ಈಗ ಪದಕ್ಕೆ ಬರೋಣ. ಮೊದಲು ಹೊಳೆದದ್ದು 'ಜಿದ್ದಿನ ಮದುವೆ'. ಆದರೆ ಅದನ್ನು ಕೇಳಿದರೆ ಇಬ್ಬರು ಬೀಗರು ಪೈಪೋಟಿಗೆ ಬಿದ್ದು ಚಪ್ಪರ ಹಾಕಿಸಿದ ಹಾಗೆ ಅನಿಸುತ್ತದೆ, ಅಲ್ವಾ? 'ಹಟದ ಮದುವೆ' ಅಂದರೆ ಅಪ್ಪ ಅಮ್ಮ ಬೇಡ ಅಂದರೂ ಕೇಳದೆ ಆದ ಲವ್ ಮ್ಯಾರೇಜು. 'ಸೇಡಿನ ಮದುವೆ'ಯಲ್ಲಿ ಮಚ್ಚು ಹೊರಗೆ ಬರುತ್ತದೆ, ಅದೂ ಮದುಮಗನ ಮೇಲೆ. ಇಲ್ಲಿ ಮದುಮಗನ ಮೇಲೆ ಅವಳಿಗೆ ಸಿಟ್ಟೇ ಇಲ್ಲ. ನಾನು ನಷ್ಟ ಮಾಡಿಕೊಂಡರೂ ಸರಿ, ಆ ಜೊತೆನಟನ ಹೊಟ್ಟೆ ಉರಿಯಲಿ ಅನ್ನುವ ಭಾವ ಬೇಕು.

ಗಾದೆಗಳಲ್ಲಿ ಅದು ಇದೆ. 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಅನ್ನುತ್ತೇವಲ್ಲ, ಎಲ್ಮರನೇ ಆ ಕೊತ್ತಿ. ಮದುವೆ ರಾತ್ರಿ ಅವಳು ಕುಡಿದು ಮೈಮರೆತಿರುತ್ತಾಳೆ. ಅವಳನ್ನು ಮಲಗಿಸಲು ಅವನು ಪಡುವ ಪಾಡು ನೋಡಬೇಕು. ಕೂರಿಸಿದರೆ ಜಾರುತ್ತಾಳೆ, ಎತ್ತಿದರೆ ಬಾಯಿ ಕಟ್ಟದ ಮೂಟೆಯ ಹಾಗೆ ಇನ್ನೊಂದು ಕಡೆ ಸುರಿಯುತ್ತಾಳೆ. ಅವನ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗುವುದಿಲ್ಲ. (ಮುಂದೆ ಕೀಟನ್ ಇದನ್ನೇ ತನ್ನ ಹೆಂಡತಿ ಎಲೀನರ್ ಜೊತೆ ಪ್ಯಾರಿಸ್ಸಿನ ಸರ್ಕಸ್ಸಿನಲ್ಲಿ ಆಡಿ ತೋರಿಸಿದ.)

ನಮ್ಮ ಮನೆಯಲ್ಲಿ ಕೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಾ, 'ಅವನ ಮೇಲಿನ ಸಿಟ್ಟಿಗೆ ಇವನನ್ನ ಕಟ್ಟಿಕೊಂಡಳು ಅನ್ನು, ಅದಕ್ಕೇನು ಪದ?' ಅಂದರು. ನಿಜ. ನಾನು ಹುಡುಕುತ್ತಿದ್ದದ್ದು ಹೆಸರುಪದ, ಕನ್ನಡ ಆ ಕೆಲಸವನ್ನು ಒಂದು 'ಗೆ' ಪ್ರತ್ಯಯದಲ್ಲಿ ಮುಗಿಸಿಬಿಡುತ್ತದೆ. 'ಸಿಟ್ಟಿನ ಮದುವೆ' ಅಂದರೆ ಮದುವೆ ಮನೆಯಲ್ಲೆಲ್ಲ ಸಿಟ್ಟು. 'ಸಿಟ್ಟಿಗಾದ ಮದುವೆ' ಅಂದರೆ ಕಾರಣ ಸಿಗುತ್ತದೆ.

ಸದ್ಯಕ್ಕೆ 'ಸಿಟ್ಟಿಗಾದ ಮದುವೆ' ಅಂತಲೇ ಬರೆದುಕೊಂಡಿದ್ದೇನೆ. ತಮಾಷೆ ಚಿತ್ರಕ್ಕೆ ಸ್ವಲ್ಪ ಸಪ್ಪೆ ಅನಿಸುತ್ತಿದೆ. ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ಇಂಥ ಮದುವೆಗೆ ಏನನ್ನುತ್ತೀರಿ? ನಿಮ್ಮ ಊರಲ್ಲಿ ಇಂಥದೊಂದು ನಡೆದಿದ್ದರೆ, ಜನ ಅದನ್ನು ಯಾವ ಮಾತಿನಲ್ಲಿ ಆಡಿಕೊಂಡರು ಅನ್ನುವುದನ್ನು ಬರೆಯಿರಿ. ಹೆಸರು ಬೇಡ, ಮಾತು ಸಾಕು.