ಶಾಂತಿ ಸಭೆಗಳಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆಗೆ ಅನುದಾನ: ಮಲೆನಾಡಿನ ಸಣ್ಣ ಸಂಘಕ್ಕೆ ದಾರಿ ಯಾವುದು?

ಪ್ರಶ್ನೆ | ಸಾಗರದ ಸದಸ್ಯೆ

ಎಲ್ಲರಿಗೂ ನಮಸ್ಕಾರ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಕೆಲಸ ಮಾಡುತ್ತಿರುವ ಸಣ್ಣ ಮಹಿಳಾ ಸಂಘವೊಂದರ ಕಾರ್ಯದರ್ಶಿ ನಾನು. ಸಂಘವು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಣಿಯಾಗಿದೆ.

ಗಣೇಶ ಚತುರ್ಥಿ, ಈದ್ ಮಿಲಾದ್ ಹತ್ತಿರವಾದಾಗ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆ ನಡೆಯುವುದು ತಮಗೆಲ್ಲ ಗೊತ್ತೇ ಇದೆ. ಗಣಪತಿ ಸಮಿತಿಯವರು, ಮಸೀದಿ ಕಮಿಟಿಯವರು, ವರ್ತಕರು, ಪಕ್ಷಗಳ ಮುಖಂಡರು ಮುಂದಿನ ಸಾಲಿನಲ್ಲಿ ಇರುತ್ತಾರೆ. ಹೆಣ್ಣುಮಕ್ಕಳನ್ನು ಕರೆದರೂ ಒಬ್ಬಿಬ್ಬರು ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬರುತ್ತಾರೆ. ಆದರೆ ಊರಿನಲ್ಲಿ ಗಲಾಟೆಯಾಗಿ ನಿಷೇಧಾಜ್ಞೆ ಜಾರಿಯಾದರೆ ಹಾಲು, ಮಾತ್ರೆ, ಮಕ್ಕಳ ಪರೀಕ್ಷೆ, ತಪ್ಪಿಹೋದ ದಿನಗೂಲಿ ಇವೆಲ್ಲವನ್ನೂ ಹೊಂದಿಸಬೇಕಾದವರು ಇದೇ ಹೆಣ್ಣುಮಕ್ಕಳು. ಇಂಥ ಸಭೆಗಳಲ್ಲಿ ಧೈರ್ಯವಾಗಿ ಮಾತನಾಡಲು, ವದಂತಿ ಹಬ್ಬಿದಾಗ ಕೇರಿಯ ಮಟ್ಟದಲ್ಲಿಯೇ ತಡೆಯಲು ಎರಡೂ ಸಮುದಾಯಗಳ ಮಹಿಳೆಯರಿಗೆ ಒಟ್ಟಿಗೆ ತರಬೇತಿ ಕೊಡಬೇಕೆಂಬುದು ನಮ್ಮ ಯೋಚನೆ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2000ದ ಅಕ್ಟೋಬರ್ 31ರಂದು ಅಂಗೀಕರಿಸಿದ, ಶಾಂತಿ ಮತ್ತು ಭದ್ರತೆಯ ಕೆಲಸಗಳಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆ ಹೆಚ್ಚಬೇಕೆನ್ನುವ 1325ನೇ ನಿರ್ಣಯದ ಆಶಯಕ್ಕೆ ತಕ್ಕಂತೆ ಮಹಿಳಾ ಸಂಘಟನೆಗಳಿಗೆ ಅನುದಾನ ಕೊಡುವ ನಿಧಿಗಳಿವೆ ಎಂದು ಓದಿದ್ದೇನೆ. ನಮ್ಮಂಥವರು ಅವುಗಳಿಗೆ ಅರ್ಜಿ ಹಾಕಬಹುದೇ? ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮ್ಮಲ್ಲಿ ಇಲ್ಲ.

ಉತ್ತರ | ಶಿವಮೊಗ್ಗ, ಲೆಕ್ಕಪತ್ರ ಸಲಹೆಗಾರ

ಮೇಡಂ, ತಾವು ಓದಿರುವುದು ಬಹುಶಃ 2016ರಲ್ಲಿ ಆರಂಭವಾದ ಮಹಿಳಾ ಶಾಂತಿ ಮತ್ತು ಮಾನವೀಯ ನೆರವಿನ ನಿಧಿಯ ಬಗ್ಗೆ ಇರಬೇಕು. ಅದು ಸಂಘರ್ಷಪೀಡಿತ ದೇಶಗಳ ಸ್ಥಳೀಯ ಮಹಿಳಾ ಸಂಘಟನೆಗಳಿಗಾಗಿ ಇರುವ ನಿಧಿ. ದೇಶವಾರು ಅರ್ಜಿ ಕರೆಯುತ್ತಾರೆ. ಆದ್ದರಿಂದ ಪ್ರಕಟಣೆಯಲ್ಲಿ ಭಾರತದ ಹೆಸರು ಇದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಅಲ್ಲಿಗೇ ಬಿಡಿ. 1325ನೇ ನಿರ್ಣಯಕ್ಕೆ ಸಂಬಂಧಿಸಿದಂತೆ ಅನೇಕ ದೇಶಗಳು ರಾಷ್ಟ್ರೀಯ ಕ್ರಿಯಾ ಯೋಜನೆ ಮಾಡಿಕೊಂಡಿವೆ, ಭಾರತ ಮಾಡಿಕೊಂಡಿಲ್ಲ. ಹಾಗಾಗಿ ಆ ಹೆಸರಿನಲ್ಲಿ ಇಲ್ಲಿನ ಯಾವ ಇಲಾಖೆಯಲ್ಲಿ ವಿಚಾರಿಸಿದರೂ ಮುಖ ಮುಖ ನೋಡುತ್ತಾರೆ.

ಇನ್ನು ವಿದೇಶಿ ಹಣದ ವಿಚಾರ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ), 2010ರ ಪ್ರಕಾರ ನೋಂದಣಿ ಬೇಕಾದರೆ ಸಂಘಕ್ಕೆ ಕನಿಷ್ಠ ಮೂರು ವರ್ಷ ತುಂಬಿರಬೇಕು ಮತ್ತು ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಮೂಲ ಚಟುವಟಿಕೆಗಳಿಗೆ ಒಟ್ಟು 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಅಷ್ಟು ಖರ್ಚು ತೋರಿಸಲಾಗದ ಸಂಘಕ್ಕೆ ‘ಪೂರ್ವಾನುಮತಿ’ ಎಂಬ ಇನ್ನೊಂದು ಬಾಗಿಲಿದೆ. ನಿರ್ದಿಷ್ಟ ದಾನಿಯಿಂದ, ನಿರ್ದಿಷ್ಟ ಮೊತ್ತವನ್ನು, ನಿರ್ದಿಷ್ಟ ಕೆಲಸಕ್ಕಾಗಿ ಪಡೆಯಲು ಗೃಹ ಸಚಿವಾಲಯ ಕೊಡುವ ಅನುಮತಿ ಅದು. ದಾನಿಯ ಬದ್ಧತಾ ಪತ್ರ ಕೈಯಲ್ಲಿದ್ದರೆ ಮಾತ್ರ ಅರ್ಜಿ ಹಾಕಬಹುದು. ನೋಂದಣಿಯಾಗಲಿ, ಪೂರ್ವಾನುಮತಿಯಾಗಲಿ, ಹಣವು ಮೊದಲು ಬಂದು ಬೀಳಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಸಾಗರದ ಶಾಖೆಯಲ್ಲಿ ಕುಳಿತೂ ಆ ಖಾತೆ ತೆರೆಯಬಹುದು, ದೆಹಲಿಗೆ ಹೋಗಬೇಕಿಲ್ಲ.

ಹಿಂದೆ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ವಿದೇಶಿ ಅನುದಾನ ಪಡೆದು, ಅದರಲ್ಲಿ ಒಂದು ಪಾಲನ್ನು ತಾಲ್ಲೂಕಿನ ಸಣ್ಣ ಸಂಘಕ್ಕೆ ಕೊಡುವ ಪದ್ಧತಿ ಇತ್ತು. 2020ರ ತಿದ್ದುಪಡಿ ಅದನ್ನು ಪೂರ್ತಿಯಾಗಿ ನಿಷೇಧಿಸಿತು. ‘ನಮ್ಮ ಖಾತೆಗೆ ಬರಲಿ, ಆಮೇಲೆ ನಿಮಗೆ ವರ್ಗಾಯಿಸುತ್ತೇವೆ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ದೊಡ್ಡ ಸಂಸ್ಥೆಯೇ ತರಬೇತಿಯನ್ನು ತನ್ನ ಕಾರ್ಯಕ್ರಮವಾಗಿ ನಡೆಸಿ, ಸಭಾಂಗಣ, ಊಟ, ಪ್ರಯಾಣದ ಬಿಲ್ಲುಗಳನ್ನು ತಾನೇ ನೇರವಾಗಿ ಪಾವತಿಸಬಹುದು. ಅದೇ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದ್ದರಿಂದ ಅವರೂ ಕೈ ಬಿಗಿಹಿಡಿದೇ ಖರ್ಚು ಮಾಡುತ್ತಾರೆ.

ಅನೇಕರಿಗೆ ತಿಳಿಯದ ಒಂದು ಅಂಶವಿದೆ: ವಿಶ್ವಸಂಸ್ಥೆ ಮತ್ತು ಅದರ ವಿಶೇಷ ಅಂಗಸಂಸ್ಥೆಗಳು ಈ ಕಾಯ್ದೆಯ ಅರ್ಥದಲ್ಲಿ ‘ವಿದೇಶಿ ಮೂಲ’ವೇ ಅಲ್ಲ. ಆದರೆ ವಿದೇಶದ ಖಾಸಗಿ ಸಂಸ್ಥೆಯ ಮೂಲಕ ಹಣ ಬಂದರೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ರಾಯಭಾರ ಕಚೇರಿಗಳ ಸಣ್ಣ ಅನುದಾನವೂ ವಿದೇಶಿ ದೇಣಿಗೆಯೇ.

ಉತ್ತರ | ತೀರ್ಥಹಳ್ಳಿ, ನಿವೃತ್ತ ಕ್ಷೇತ್ರ ಕಾರ್ಯಕರ್ತೆ

ಮೇಲಿನವರು ಹಣದ ಮೂಲ ಹೇಳಿದ್ದಾರೆ, ನಾನು ಖರ್ಚಿನ ಬಗ್ಗೆ ಹೇಳುತ್ತೇನೆ. ಅನುದಾನ ಕೊಡುವವರಿಗೆ ಕಾರ್ಯಾಗಾರ, ಬ್ಯಾನರ್, ಸಂಪನ್ಮೂಲ ವ್ಯಕ್ತಿಯ ಗೌರವಧನ ಇವು ಸುಲಭವಾಗಿ ಅರ್ಥವಾಗುತ್ತವೆ. ಸಂಜೆ ಆರಕ್ಕೆ ಠಾಣೆಯಲ್ಲಿ ಶುರುವಾದ ಸಭೆ ಎಂಟಕ್ಕೆ ಮುಗಿದರೆ, ಕೊನೆಯ ಬಸ್ಸು ಹೋದ ಮೇಲೆ ಹೆಣ್ಣುಮಕ್ಕಳು ಒಳಗಿನ ಹಳ್ಳಿಗೆ ಹೇಗೆ ಮರಳಬೇಕು ಎಂಬುದು ಅವರಿಗೆ ಹೊಳೆಯುವುದಿಲ್ಲ. ಆಟೋ ಬಾಡಿಗೆ, ತಪ್ಪಿದ ದಿನಗೂಲಿ, ಮಗು ನೋಡಿಕೊಳ್ಳುವವರ ಖರ್ಚು, ಇವನ್ನು ‘ಇತರೆ’ ಎಂದು ಬರೆಯದೆ ಹೆಸರಿಟ್ಟೇ ಬಜೆಟ್ಟಿನಲ್ಲಿ ನಮೂದಿಸಿ. ತರಬೇತಿಯನ್ನು ಅಡಿಕೆ ಕೊಯ್ಲಿನ ಕಾಲಕ್ಕಂತೂ ಇಟ್ಟುಕೊಳ್ಳಬೇಡಿ. ರಾತ್ರಿಯೆಲ್ಲ ಅಡಿಕೆ ಸುಲಿದವರು ಹಗಲಿನಲ್ಲಿ ನಿಮ್ಮ ಚರ್ಚೆಗೆ ಕುಳಿತುಕೊಳ್ಳಲಾರರು.

1989ರಲ್ಲಿ ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ ಕರ್ನಾಟಕವೂ ಸೇರಿ ಮೂರು ರಾಜ್ಯಗಳಲ್ಲಿ ಆರಂಭವಾದ, ಗ್ರಾಮೀಣ ಮಹಿಳೆಯರ ಶಿಕ್ಷಣ ಮತ್ತು ಸಬಲೀಕರಣದ ಕಾರ್ಯಕ್ರಮ ಮಹಿಳಾ ಸಮಾಖ್ಯಾವನ್ನು ಹಳಬರು ನೆನಪಿಸಿಕೊಳ್ಳಬಹುದು. ಮಹಿಳೆಯರೇ ಕುಳಿತು ವ್ಯಾಜ್ಯ ಬಗೆಹರಿಸುವ ನಾರಿ ಅದಾಲತ್ ಗುಜರಾತಿನಲ್ಲಿ ಆ ಕಾರ್ಯಕ್ರಮದಿಂದಲೇ ಬೆಳೆಯಿತು. ಈಗ ಕೇಂದ್ರದ ಮಿಷನ್ ಶಕ್ತಿ ಯೋಜನೆಯಲ್ಲಿ ಮಹಿಳಾ ಸುರಕ್ಷತೆಗೆ ಮೀಸಲಾದ ‘ಸಂಬಲ್’ ವಿಭಾಗದಲ್ಲಿ ಅದೇ ಹೆಸರಿನ ಅಂಶವಿದೆ. ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಕೇಳುವಾಗ 1325ರ ಹೆಸರೆತ್ತುವುದಕ್ಕಿಂತ ಈ ಯೋಜನೆಯ ಮಾರ್ಗಸೂಚಿ ಹಿಡಿದು ಮಾತನಾಡಿದರೆ ಬೇಗ ಕೆಲಸವಾದೀತು.

ಮಲೆನಾಡಿನ ಉದಾಹರಣೆಯೂ ಪ್ರಸ್ತಾವನೆಯಲ್ಲಿರಲಿ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ, ಮಲೆನಾಡಿನಲ್ಲಿ ಸಕ್ರಿಯರಾಗಿದ್ದ ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳ ಮುಂದೆ ಶರಣಾದರು. ಅವರಲ್ಲಿ ನಾಲ್ವರು ಮಹಿಳೆಯರು. ಅದರ ಹಿಂದೆ ನಾಗರಿಕರ ಮಧ್ಯಸ್ಥಿಕೆ ಇತ್ತು. ಶರಣಾದ ಹೆಣ್ಣುಮಗಳು ಮುಂದೆ ಊರಿಗೆ ಮರಳಿ ಬದುಕಬೇಕಾದರೆ ನೆರೆಹೊರೆಯ ಹೆಂಗಸರ ಪಾತ್ರ ಏನು ಎಂದು ಯಾರೂ ವಿವರವಾಗಿ ಚರ್ಚಿಸಿದಂತೆ ಕಾಣಲಿಲ್ಲ. ‘ಭದ್ರತೆ’ ಎಂದ ಕೂಡಲೇ ಗಡಿ, ಬಂದೂಕು ಎನ್ನುವವರಿಗೆ ಇಷ್ಟು ಹೇಳಿದರೆ ಸಾಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೂರು ವರ್ಷದ ಖರ್ಚು ಸೇರಿಸಿದರೂ ನಮ್ಮದು 15 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ದೇಶದೊಳಗಿನ ಹಣದಿಂದಲೇ ಆರಂಭಿಸುವುದಾದರೆ ಏನು ಮಾಡಬೇಕು?

ಉತ್ತರ | ಶಿವಮೊಗ್ಗ, ಲೆಕ್ಕಪತ್ರ ಸಲಹೆಗಾರ

ಹಾಗಿದ್ದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ನೋಡಿ. ಕಂಪನಿ ಕಾಯ್ದೆ, 2013ರ ಏಳನೇ ಅನುಸೂಚಿಯಲ್ಲಿ ‘ಶಾಂತಿ’ ಎಂಬ ಬಾಬ್ತು ಇಲ್ಲ, ಆದರೆ ಲಿಂಗ ಸಮಾನತೆ ಮತ್ತು ಮಹಿಳಾ ಸಬಲೀಕರಣ ಇವೆ. ತಮ್ಮ ಪ್ರಸ್ತಾವನೆಯನ್ನು ಅದರಡಿ ಬರೆಯಬಹುದು. ಆದಾಯ ತೆರಿಗೆ ಇಲಾಖೆಯಲ್ಲಿ ಸಂಘಕ್ಕೆ ತೆರಿಗೆ ವಿನಾಯಿತಿಯ ಮತ್ತು ದಾನಿಗೆ ತೆರಿಗೆ ರಿಯಾಯಿತಿಯ ನೋಂದಣಿ (1961ರ ಕಾಯ್ದೆಯಲ್ಲಿ 12ಎ, 80ಜಿ), ಸ್ವಯಂಸೇವಾ ಸಂಸ್ಥೆಗಳಿಗೆ ನೀತಿ ಆಯೋಗದ ಜಾಲತಾಣ ಕೊಡುವ ದರ್ಪಣ್ ಸಂಖ್ಯೆ, ಬಳಿಕ ಕಂಪನಿಗಳ ಈ ನಿಧಿ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ನಮೂನೆ, ಈ ಕ್ರಮದಲ್ಲಿ ಮಾಡಿಸಿಕೊಳ್ಳಿ. ಸಂಘದ ಉದ್ದೇಶಗಳಲ್ಲಿ ಸೌಹಾರ್ದ, ವ್ಯಾಜ್ಯ ಪರಿಹಾರ ಎಂಬ ಮಾತುಗಳು ಇಲ್ಲದಿದ್ದರೆ ಮೊದಲು ಸರ್ವಸದಸ್ಯರ ಸಭೆಯಲ್ಲಿ ಸೇರಿಸಿ.

ಉತ್ತರ | ತೀರ್ಥಹಳ್ಳಿ, ನಿವೃತ್ತ ಕ್ಷೇತ್ರ ಕಾರ್ಯಕರ್ತೆ

ಹಣ ಬರುವವರೆಗೆ ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿಯಲ್ಲಿ ಮಹಿಳಾ ಸದಸ್ಯೆ ಇರಲೇಬೇಕೆಂಬ ನಿಯಮವಿದೆ. ಆಕೆಯನ್ನೂ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಅಧ್ಯಕ್ಷರನ್ನೂ ಶಾಂತಿ ಸಭೆಗೆ ಕರೆಯಬೇಕೆಂದು ಠಾಣಾಧಿಕಾರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಂದೆ ಅನುದಾನದ ಅರ್ಜಿಯ ಜೊತೆ ಲಗತ್ತಿಸಲು ಆ ಪ್ರತಿ ಬೇಕಾಗುತ್ತದೆ.